ನೆಟ್ಟಗಿನ ಗೆರೆ

ಗುರುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ಆ ಭಾನುವಾರದ ನೆಟ್ಟಗಿನ ಗೆರೆ ನಿನ್ನ ಕಂಪ್ಯೂಟರ್ ಎಳೆದದ್ದಲ್ಲ, ನಾನು ಎಳೆದದ್ದು. ನಾಲ್ಕು ತಿಂಗಳಿಂದ ಮುಚ್ಚಿಟ್ಟಿದ್ದೇನೆ.

ಸಭೆಗೆ ಹೊರಡುವಾಗ ನೀನು, "ಬುಗುರಿ, ಸಂಜೆವರೆಗೂ ಸುಮ್ನೆ ನೋಡ್ತಾ ಕೂತಿರು. ಏನೂ ಮುಟ್ಬೇಡ, ಕಾಲು ಅಲ್ಲಾಡಿಸ್ಬೇಡ" ಎಂದಿದ್ದೆ. ನೀಲಿ ಬೆಳಕು ಬಿದ್ದರೆ ನಿನ್ನ ಯೀಸ್ಟ್ ಕೋಶಗಳು ಕೆಂಪಗೆ ಹೊಳೆಯುವ ಪ್ರೋಟೀನ್ ತಯಾರಿಸುತ್ತವೆ. ಐದು ನಿಮಿಷಕ್ಕೊಮ್ಮೆ ಕ್ಯಾಮೆರಾ ಹೊಳಪು ಅಳೆಯುತ್ತದೆ, ಪರದೆಯ ಮೇಲೆ ಅದು ಗೆರೆಯಾಗಿ ಮೂಡುತ್ತದೆ. ನೀನಿಟ್ಟ ಗುರುತಿಗಿಂತ ಕಡಿಮೆಯಾದರೆ ಕಂಪ್ಯೂಟರ್ ತಾನೇ ದೀಪ ಹಚ್ಚುತ್ತದೆ, ಹೆಚ್ಚಾದರೆ ಆರಿಸುತ್ತದೆ. ಮನುಷ್ಯರ ಕೈ ಸೋಕದೆಯೇ ಗೆರೆ ನೆಟ್ಟಗಿರಬೇಕು, ನಿನ್ನ ಪಿಎಚ್.ಡಿ. ಪ್ರಬಂಧದ ಜೀವವೇ ಅದು ಎಂದು ಆ ಪ್ರಯೋಗಾಲಯದಲ್ಲಿ ಗಾಜಿನ ಪಾತ್ರೆ ತೊಳೆಯುವ ನನಗೂ ಗೊತ್ತಿತ್ತು.

ಒಂದು ಗಂಟೆಯೊಳಗೆ ನನ್ನ ಕಾಲು ತಾಗಿ ಕಂಪ್ಯೂಟರಿನಿಂದ ದೀಪದ ಪೆಟ್ಟಿಗೆಗೆ ಹೋಗುವ ತಂತಿ ಕಿತ್ತುಬಂತು, ತುದಿಯ ಪಿನ್ನು ಮುರಿಯಿತು. ಬೇರೆ ತಂತಿಗಳಿದ್ದ ಕಪಾಟಿಗೆ ಬೀಗ. ಪರದೆಯ ಮೇಲೆ ಗೆರೆ ಇಳಿಯತೊಡಗಿತು. ನಿನಗೆ ಫೋನ್ ಮಾಡಲು ಧೈರ್ಯ ಬರಲಿಲ್ಲ. ನಾನು ಶಾಲೆ ಬಿಟ್ಟ ಮೇಲೆ ನೀನು ನಂಬಿ ಒಪ್ಪಿಸಿದ ಮೊದಲ ಕೆಲಸ ಅದು. ದೀಪದ ಪೆಟ್ಟಿಗೆಯ ಗುಂಡಿಯನ್ನು ಕೈಯಿಂದಲೇ ಒತ್ತಿದೆ. ಆರು ಗಂಟೆ ಹೊತ್ತು ಪರದೆ ನೋಡುತ್ತ ಹಚ್ಚಿದೆ, ಆರಿಸಿದೆ. ನೀರು ಕುಡಿಯಲೂ ಏಳಲಿಲ್ಲ. ಸಂಜೆ ಕಾವಲುಗಾರ ಬೀಗ ತೆಗೆದ ಮೇಲೆ ಹೊಸ ತಂತಿ ಸಿಕ್ಕಿಸಿದೆ.

ನೀನು ಬಂದು, "ನೋಡೇ, ಎಳೆದು ಕಟ್ಟಿದ ದಾರದ ಹಾಗಿದೆ" ಎಂದು ನನ್ನ ತಲೆ ಸವರಿದೆ. ನಾನು ಮುರಿದ ತಂತಿಯನ್ನು ಬೆನ್ನ ಹಿಂದೆ ಬಚ್ಚಿಟ್ಟೆ.

ಆಮೇಲೆ ನೀನು ಅದೇ ಪ್ರಯೋಗವನ್ನು ಹನ್ನೊಂದು ಸಲ ಮಾಡಿದೆ. ಹನ್ನೊಂದು ಸಲವೂ ಗೆರೆ ಏರಿಳಿಯಿತು. ಕೋಶಗಳನ್ನು ಬೈದೆ, ದೀಪವನ್ನು ಬೈದೆ. ನಿನ್ನೆ ಊಟಕ್ಕೆ ಕೂತಾಗ, "ನನ್ನ ಕೈಗೇ ಏನೋ ಆಗಿದೆ ಕಣೇ" ಎಂದೆ. ಅಮ್ಮ ನಿನ್ನ ತಟ್ಟೆಗೆ ಇನ್ನಷ್ಟು ಬಡಿಸಿದಳು. ಸೋಮವಾರ ಅದೇ ಗೆರೆಯಿರುವ ಪ್ರಬಂಧ ಒಪ್ಪಿಸುತ್ತೀಯ. ಪರೀಕ್ಷಕರು "ಇನ್ನೊಂದ್ಸಲ ಮಾಡಿ ತೋರಿಸಮ್ಮ" ಎಂದರೆ ಐದು ವರ್ಷದ ದುಡಿಮೆ ಮಣ್ಣುಪಾಲು.

ನಿನ್ನ ಕೈಗೆ ಏನೂ ಆಗಿಲ್ಲ. ದೀಪ ಹಚ್ಚಿ ಅರ್ಧ ಗಂಟೆಯಾದ ಮೇಲಷ್ಟೇ ಹೊಳಪು ಏರತೊಡಗುತ್ತದೆ, ಆರಿಸಿದ ಮೇಲೂ ಏರುತ್ತಲೇ ಇರುತ್ತದೆ. ಹಾಗಾಗಿ ಗೆರೆ ಗುರುತು ಮುಟ್ಟುವ ಮೊದಲೇ ನಾನು ಆರಿಸುತ್ತಿದ್ದೆ. ನಿನ್ನ ಕಂಪ್ಯೂಟರ್, ಗೆರೆ ಗುರುತು ಮುಟ್ಟಿದ ಮೇಲಷ್ಟೇ ಆರಿಸುತ್ತದೆ, ಅದಕ್ಕೇ ಗೆರೆ ಏರಿಳಿಯುತ್ತದೆ. ಓದಿದವಳು ನೀನು, ಇದು ಸರಿಯೋ ನೋಡು.

ನನ್ನನ್ನು ಎಷ್ಟು ಬೇಕಾದರೂ ಬೈಯಿ. ಆ ಪುಟ ಮಾತ್ರ ತೆಗೆದುಬಿಡು.

ನಿನ್ನ
ಬುಗುರಿ

ತಾ.ಕ.: ಬೆಳಿಗ್ಗೆ ನಿನ್ನ ಗುರುಗಳಿಗೆ ಎಲ್ಲ ಹೇಳಿ ಬಂದೆ. ಮೊದಲು ನಿನಗೆ ಹೇಳಿದ್ದರೆ ನೀನು ಅಳುತ್ತಿದ್ದೆ, ನಾನು ಮತ್ತೆ ಬಾಯಿ ಮುಚ್ಚಿಕೊಳ್ಳುತ್ತಿದ್ದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನನ್ನ ಕೆಲಸ ಹೋಯಿತು. ನಾಳೆ ಚಿಕ್ಕಮ್ಮನ ಊರಿಗೆ ಹೊರಡುತ್ತೇನೆ.