ಕೊಸರಿನ ತಕರಾರು

ಅಡುಗೆಮನೆ ಮೇಜು, ಒಲೆಯ ಪಕ್ಕ
ಬುಧವಾರ, ಹನ್ನೊಂದನೇ ತಾರೀಖು

ಪ್ರೀತಿಯ ಇವಳೇ,

ಮದುವೆಯಾದಾಗಿನಿಂದ ‘ಇವಳೇ’ ಅಂತಲೇ ಕರೆದು ಅಭ್ಯಾಸ. ಈಗ ದೂರದಲ್ಲಿದ್ದೀಯ ಅಂತ ‘ಅವಳೇ’ ಅನ್ನೋಕೆ ಬಾಯಿ ಬರುತ್ತಿಲ್ಲ. ಹೇಗಿದ್ದೀಯ? ಬೆನ್ನುನೋವು ಹೇಗಿದೆ? ನಿನ್ನ ತಂಗಿ ಆಪರೇಷನ್ ಆದ ಮಂಡಿಯನ್ನು ಮಡಿಸುತ್ತಾಳೋ ಅಥವಾ ಇನ್ನೂ ಮಂಚದ ಮೇಲಿಂದಲೇ ಆರ್ಡರ್ ಮಾಡುತ್ತಿದ್ದಾಳೋ? ಮಂಡಿ ಸರಿಹೋದ ಮೇಲೆ ನನ್ನ ಮುಂದೆ ಮಂಡಿಯೂರಿ ಕ್ಷಮೆ ಕೇಳಬೇಕು ಅಂತ ಹೇಳು, ಹೆಂಡತಿಯನ್ನು ಇಷ್ಟು ದಿನ ಕಸಿದುಕೊಂಡಿದ್ದಕ್ಕೆ. ನಾನು ಗಟ್ಟಿಯಾಗಿದ್ದೇನೆ. ಬಿ.ಪಿ. ಮಾತ್ರ ಸ್ವಲ್ಪ ಏರಿದೆ. ಅದಕ್ಕೆ ಕಾರಣ ಉಪ್ಪಲ್ಲ, ನೀನು. ಯಾಕೆ ಅಂತ ಓದುತ್ತಾ ಹೋಗು. ಲಕೋಟೆಯಲ್ಲಿ ಒಂದು ಪೊಟ್ಟಣ ಗಲಗಲ ಅನ್ನುತ್ತಿದೆಯಲ್ಲ, ಅದನ್ನು ಈಗಲೇ ಬಿಚ್ಚಬೇಡ. ನಿನ್ನ ಕೈ ಸುಮ್ಮನಿರುವುದಿಲ್ಲ ಅಂತ ಗೊತ್ತಿದ್ದೇ ದಾರದಲ್ಲಿ ಏಳು ಸುತ್ತು ಸುತ್ತಿದ್ದೇನೆ.

ಫೋನ್ ಇರುವಾಗ ಈ ಮುದುಕನಿಗೆ ಕಾಗದ ಬರೆಯುವ ಶೋಕಿ ಯಾಕೆ ಅನ್ನಬೇಡ. ಫೋನಿನಲ್ಲಿ ನಾನು ‘ಅಂಗಡಿ’ ಅನ್ನುವಷ್ಟರಲ್ಲಿ ನಿನ್ನ ತಂಗಿಯ ಮನೆಯ ಕುಕ್ಕರ್ ಕೂಗುತ್ತದೆ, ನೀನು “ಆಮೇಲೆ ಮಾಡ್ತೀನ್ರೀ” ಅಂತ ಇಟ್ಟುಬಿಡುತ್ತೀಯ. ಬೆಳಿಗ್ಗೆ ಎಂಟಕ್ಕೂ ಕುಕ್ಕರ್, ಮಧ್ಯಾಹ್ನ ಮೂರಕ್ಕೂ ಕುಕ್ಕರ್, ಮೂರು ಜನಕ್ಕೆ ಅದೇನು ಬೇಯಿಸುತ್ತೀರಿ ತಾಯಿ? ಕಾಗದದಲ್ಲಿ ಆ ಆಟ ನಡೆಯುವುದಿಲ್ಲ. ಇಲ್ಲಿ ಕೂಗುವವನು ನಾನೊಬ್ಬನೇ.

ಮೊದಲು ನೀನು ಹಾಕಿಹೋದ ಕಾನೂನಿನ ವಿಷಯ. “ಸಾಮಾನೆಲ್ಲ ಸೂಪರ್ ಮಾರ್ಕೆಟಿನಲ್ಲೇ ತರಬೇಕು, ಅಲ್ಲಿ ಉಳಿತಾಯ” ಅಂದೆ. ನಮ್ಮ ಮಗಳು ಬೇರೆ ನಿನ್ನ ಪಾರ್ಟಿ. ಆಫೀಸಿಗೆ ಹೊರಡುವಾಗ ಫೋನಿನಲ್ಲಿ ಆಫರ್ ತೋರಿಸಿ, “ಅಪ್ಪಾ, ಇವತ್ತು ಸೋಪು, ಮರೀಬೇಡ” ಅಂತಾಳೆ. ಎರಡು ಕೊಂಡರೆ ಒಂದು ಉಚಿತವಂತೆ. ಹೋದೆ, ತಂದೆ. ಈಗ ಮಂಚದ ಕೆಳಗೆ ಸೋಪು, ಬೀರುವಿನ ಮೇಲೆ ಸೋಪು, ನನ್ನ ಹಳೇ ಬೂಟಿನೊಳಗೂ ಸೋಪು. ಮನೆ ಎಷ್ಟು ಘಮಘಮ ಅನ್ನುತ್ತಿದೆ ಅಂದರೆ ತಿನ್ನುವುದಕ್ಕೇ ಏನೂ ಇಲ್ಲ. ಇದು ಉಚಿತವೇ? ಅನುಚಿತ! ಬಿಸ್ಕತ್ತಿನ ಪ್ಯಾಕೆಟ್ ನೋಡಿದೆ. ಹೊರಗೆ ಅದೇ ಚಿತ್ರ, ಅದೇ ಬೆಲೆ, ಒಳಗೆ ಮಾತ್ರ ಬಿಸ್ಕತ್ತು ಬಡವಾಗಿ ಗಾಳಿ ಶ್ರೀಮಂತವಾಗಿದೆ. ದೊಡ್ಡ ಡಬ್ಬ ಅಗ್ಗ ಅಂದುಕೊಂಡು ದೊಡ್ಡದನ್ನು ಹೊತ್ತು ತಂದರೆ ಮಗಳೇ ಲೆಕ್ಕ ಹಾಕಿ, “ಅಯ್ಯೋ ಅಪ್ಪಾ, ಚಿಕ್ಕದೇ ಅಗ್ಗ” ಅಂದಳು. ಎಲ್ಲಿ ನೋಡಿದರೂ ‘ರಿಯಾಯಿತಿ, ರಿಯಾಯಿತಿ’ ಅಂತ ಕೆಂಪು ಬೋರ್ಡು. ನನಗೆ ಮಾತ್ರ ನೀನೇ ಹಿಂದೆ ನಿಂತು “ರೀ, ಆಯ್ತಾ? ರೀ, ಆಯ್ತಾ?” ಅಂತ ಅವಸರ ಮಾಡಿದ ಹಾಗೆ ಕೇಳಿಸುತ್ತದೆ. ಒಮ್ಮೆ ಹಿಂದೆ ತಿರುಗಿಯೂ ನೋಡಿದೆ, ನಗಬೇಡ.

ಸಂಜೆ ಹೊತ್ತು ಅಲ್ಲಿ ಇನ್ನೊಂದು ನಾಟಕ. ಅವತ್ತೇ ಕೆಡುವ ಸಾಮಾನಿಗೆಲ್ಲ ಒಬ್ಬಳು ಹಳದಿ ಚೀಟಿ ಅಂಟಿಸುತ್ತಾ ಬರುತ್ತಾಳೆ: ‘ಇಂದೇ ಕೊನೆಯ ದಿನ, ಅರ್ಧ ಬೆಲೆ’. ಅವಳ ಹಿಂದೆ ನನ್ನ ವಯಸ್ಸಿನವರ ಮೆರವಣಿಗೆ, ಎಲ್ಲರೂ ಏನೂ ಗೊತ್ತಿಲ್ಲದವರ ಹಾಗೆ ಮೊಸರಿನ ಡಬ್ಬ ನೋಡುತ್ತಾ ನಿಲ್ಲುವುದು. ನಾಚಿಕೆಯಾಯಿತು, ಜೊತೆಗೆ ಕೈ ತುರಿಸಿತು. ನೆಲದ ಮೇಲೆ ಬಿದ್ದಿದ್ದ ಒಂದು ಚೀಟಿಯನ್ನು ಎತ್ತಿ ನನ್ನ ಅಂಗಿಯ ಜೇಬಿಗೆ ಅಂಟಿಸಿಕೊಂಡು ಬಿಲ್ಲಿನ ಸಾಲಿನಲ್ಲಿ ನಿಂತೆ. ಬಿಲ್ ಹಾಕುವ ಹುಡುಗಿ ಚುರುಕು. “ತಾತಾ, ಅರ್ಧ ಬೆಲೆಗೂ ಯಾರೂ ತಗೊಂಡಿಲ್ವಾ?” ಅಂದಳು. “ತಗೊಂಡವಳು ತಂಗಿ ಮನೆಗೆ ಹೋಗಿದಾಳೆ ಕಣಮ್ಮಾ. ಬಿಟ್ಟುಹೋದ ಮಾಲನ್ನ ತಗೊಳ್ಳೋಕೆ ವಾಪಸ್ ಬರ್ತಾಳೋ ಇಲ್ವೋ ಅಂತ ನೋಡ್ತಿದೀನಿ” ಅಂದೆ. ಸಾಲಿಗೆ ಸಾಲೇ ನಕ್ಕಿತು, ಮ್ಯಾನೇಜರ್ ಒಬ್ಬನನ್ನು ಬಿಟ್ಟು. ಅವನ ಮುಖ ಇವತ್ತಿಗೂ ಹುಳಿ ಮೊಸರೇ. ಅವನನ್ನು ನೆನಪಿಟ್ಟುಕೋ, ಮುಂದೆ ಬರುತ್ತಾನೆ.

ಈಗ ಅಸಲಿಗೆ ಬರುತ್ತೇನೆ. ನೀನು ಸೂಪರ್ ಮಾರ್ಕೆಟಿಗೆ ಹೋದದ್ದು ಉಳಿತಾಯಕ್ಕಲ್ಲ, ಸಿಟ್ಟಿಗೆ. ನನ್ನ ಮುಂದೆ ಆ ಬುರುಡೆ ಬೇಡ. ಮೂಲೆ ಅಂಗಡಿಯ ತಕ್ಕಡಿಯಕ್ಕ, ಅವಳೂ ನೀನೂ ನಮ್ಮ ಮಗಳು ತೊಟ್ಟಿಲಲ್ಲಿದ್ದಾಗಿನಿಂದ ಗೆಳತಿಯರು. ಅವಳು ತೂಕ ಮಾಡಿದ ಮೇಲೆ ಒಂದು ಹಿಡಿ ಕೊಸರು ಹಾಕುವುದು, ತಟ್ಟೆ ಟಕ್ ಅಂತ ಕಟ್ಟೆಗೆ ತಾಗುವುದು, ನೀನು “ಸಾಕು ಬಿಡೇ, ಅಂಗಡಿ ಮುಳುಗಿಸ್ತೀಯ” ಅನ್ನುವುದು, ಅವಳು “ಮುಳುಗಿದ್ರೆ ನಿಮ್ಮನೇಗೇ ಬರ್ತೀನಿ ಊಟಕ್ಕೆ” ಅನ್ನುವುದು. ಬೀದಿಗೆಲ್ಲ ಬಾಯಿಪಾಠ. ಆಮೇಲೆ ಅವಳು ಕರೆಂಟಿನ ತಕ್ಕಡಿ ತಂದಳು. ಮಾರನೇ ದಿನ ನೀನು ಹೋದಾಗ ಬೇಳೆ ತೂಗಿದಳು, ಕೆಂಪು ಅಕ್ಷರದಲ್ಲಿ ಸರಿಯಾಗಿ ಒಂದು ಕೇಜಿ ಬಂತು, ಗಂಟು ಕಟ್ಟಿ ಕೊಟ್ಟಳು. ಕೊಸರು ಇಲ್ಲ. ನೀನು ಅಲ್ಲೇ ಕೇಳಿದೆಯಾ? ಇಲ್ಲ. ಕೊಸರು ಸಿಗಲಿಲ್ಲ ಅಂತ ಕೊಸರಿಕೊಂಡು ಮನೆಗೆ ಬಂದೆ. ಆ ಬೇಳೆಯನ್ನು ಗಂಟು ಕೂಡ ಬಿಚ್ಚದೆ ಮೇಲಿನ ಅರೆಗೆ ನೂಕಿ, “ಇನ್ನು ಅವಳ ಮೆಟ್ಟಿಲು ತುಳಿಯೋಲ್ಲ” ಅಂದೆ. ನನ್ನ ಮೈ ಉರಿಯುವುದು ಇದಕ್ಕೇ. ಸೂಪರ್ ಮಾರ್ಕೆಟಿನವನು ಹುಟ್ಟಿದಾಗಿನಿಂದ ಯಾರಿಗಾದರೂ ಒಂದು ಕಾಳು ಕೊಸರು ಹಾಕಿದ್ದಾನಾ? ಅವನ ಮೇಲೆ ನಿನಗೆ ಕೋಪವಿಲ್ಲ! ಅವನ ಗಾಳಿ ತುಂಬಿದ ಪ್ಯಾಕೆಟ್ಟಿಗೆ ಥ್ಯಾಂಕ್ಸ್ ಬೇರೆ ಹೇಳಿ ಬರುತ್ತೀಯ. ಇಷ್ಟು ವರ್ಷ ಹಿಡಿ ಹಿಡಿ ಕೊಟ್ಟವಳು ಒಂದು ಸಲ ಕೊಡದಿದ್ದರೆ ಅವಳು ಶತ್ರು! ಇದು ಯಾವ ಸೀಮೆ ನ್ಯಾಯ?

ನಿನ್ನ ಕಾನೂನನ್ನು ಸೋಮವಾರ ಮುರಿದೆ. ಕಾಫಿಗೆ ಸಕ್ಕರೆ ಇರಲಿಲ್ಲ, ಆಫರಿನಲ್ಲಿ ಐದು ಕೇಜಿ ಮೂಟೆ ಹೊರಲು ನನ್ನ ಹೆಗಲು ಒಪ್ಪಲಿಲ್ಲ. ತಕ್ಕಡಿಯಕ್ಕನ ಅಂಗಡಿಗೆ ಹೋದೆ. ಅರೆಗಳು ಅರ್ಧ ಖಾಲಿ. “ನೀವಾದ್ರೂ ಬಂದ್ರಲ್ಲ” ಅಂದಳು, ನಿನ್ನ ಬಗ್ಗೆ ಕೇಳಲಿಲ್ಲ. ಅರ್ಧ ಕೇಜಿ ಸಕ್ಕರೆ ಕೇಳಿದೆ. ಏನು ಮಾಡಿದಳು ಗೊತ್ತಾ? ಮೊದಲು ಖಾಲಿ ಕವರಿಗೆ ಒಂದು ಹಿಡಿ ಸಕ್ಕರೆ ಹಾಕಿದಳು. ಕವರನ್ನು ತಕ್ಕಡಿ ಮೇಲಿಟ್ಟು ಒಂದು ಗುಂಡಿ ಒತ್ತಿದಳು. ಯಂತ್ರ ಸೊನ್ನೆ ತೋರಿಸಿತು. ಆಮೇಲೆ ಅದರ ಮೇಲೆ ಅರ್ಧ ಕೇಜಿ ಸುರಿದಳು. ನಾನು ಸುಮ್ಮನಿರುತ್ತೇನಾ? “ಅಕ್ಕಾ, ನಿಮ್ಮ ಯಂತ್ರ ಕೆಟ್ಟಿದೆ, ಸಕ್ಕರೆ ಇದ್ರೂ ಸೊನ್ನೆ ಅಂತಿದೆ” ಅಂದೆ. ಅವಳು ಅತ್ತಿತ್ತ ನೋಡಿ, “ಶ್! ಮೆಲ್ಲಗೆ ಮಾತಾಡಿ. ಕೆಟ್ಟಿಲ್ಲ, ನಾನೇ ಕೆಡಿಸ್ತೀನಿ” ಅಂದಳು.

ವಿಷಯ ಇಷ್ಟೇ. ಹಳೇ ತಕ್ಕಡಿಯಲ್ಲಿ ತಟ್ಟೆ ವಾಲಿದರೆ ಎಷ್ಟು ವಾಲಿತು ಅಂತ ಪಕ್ಕದವನಿಗೆ ಗೊತ್ತಾಗುತ್ತಿರಲಿಲ್ಲ. ಹೊಸದು ಅಂಗಡಿಗೆಲ್ಲ ಕಾಣುವ ಹಾಗೆ ಅಂಕಿ ತೋರಿಸುತ್ತದೆ. ತಂದ ದಿನವೇ ಯಾರಿಗೋ ಕೊಸರು ಹಾಕಿದ್ದನ್ನು ನೋಡಿ ಹಿಂದಿದ್ದವರೆಲ್ಲ “ನಮಗೂ ಹಾಕಿ, ನಾವೇನು ಪಾಪ ಮಾಡಿದ್ವಿ” ಅಂತ ಮುತ್ತಿಕೊಂಡರಂತೆ. ಎಲ್ಲರಿಗೂ ಹಾಕಿದರೆ ಅಂಗಡಿ ಉಳಿಯಬೇಕಲ್ಲ. ಅದಕ್ಕೇ ಹಳಬರಿಗೆ ಮಾತ್ರ ಯಾರೂ ಗಮನಿಸದ ಹಾಗೆ ಮೊದಲೇ ಹಿಡಿ ಹಾಕಿ, ಸೊನ್ನೆ ಮಾಡಿ, ಆಮೇಲೆ ತೂಗುತ್ತಾಳೆ. “ಇದನ್ನ ನಮ್ಮನೆಯವಳಿಗೆ ಹೇಳಬೇಕಿತ್ತಲ್ಲ ಅಕ್ಕಾ” ಅಂದೆ. ಅವಳ ಮುಖ ನೋಡಬೇಕಿತ್ತು ನೀನು. “ಕೊಸರನ್ನ ಹೇಳಿ ಕೊಡ್ತಾರಾ? ಮನೆಗೆ ಹೋಗಿ ಡಬ್ಬಕ್ಕೆ ಸುರಿದ್ರೆ ಅವರಿಗೇ ಗೊತ್ತಾಗುತ್ತೆ ಅಂದ್ಕೊಂಡೆ” ಅಂದಳು. ಡಬ್ಬಕ್ಕೆ ಸುರಿದಿದ್ದರೆ ತಾನೇ! ನೀನು ಗಂಟೇ ಬಿಚ್ಚಲಿಲ್ಲ ಅನ್ನುವುದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ಎಲ್ಲದಕ್ಕೂ ಬಾಯಿ ಹಾಕುವ ನಾನು ಸಕ್ಕರೆ ಹಿಡಿದುಕೊಂಡು ಹೊರಟೆ. ಬಾಗಿಲಿಗೆ ಬಂದಾಗ ಹಿಂದಿನಿಂದ, “ಇನ್ನು ಬಾಗಿಲು ಹಾಕೋದೇ ವಾಸಿ ಅನ್ಸುತ್ತೆ. ಅವರೇ ಬರೋದು ಬಿಟ್ಟ ಮೇಲೆ ಯಾರಿಗೋಸ್ಕರ ತೆಗೀಲಿ” ಅಂದಳು.

ನಿನಗೆ ಇಷ್ಟು ಹೇಳಿದರೆ ಸಾಲದು ಅಂತ ಗೊತ್ತು. “ಅವಳ ಯಂತ್ರ, ಅವಳ ಮಾತು” ಅಂತೀಯ. ಅದಕ್ಕೇ ನಿನ್ನೆ ನೀನು ನೂಕಿದ್ದ ಬೇಳೆಯ ಗಂಟನ್ನು ಅರೆಯಿಂದ ಇಳಿಸಿ ನಿನ್ನ ನೆಚ್ಚಿನ ಸೂಪರ್ ಮಾರ್ಕೆಟಿಗೇ ಹೋದೆ. ತರಕಾರಿ ತೂಗುವ ತಕ್ಕಡಿಯ ಮೇಲಿಟ್ಟೆ. ಒಂದು ಕೇಜಿಗಿಂತ ಮೇಲೆ ತೋರಿಸಿತು! ಗಂಟು ಬಿಚ್ಚಿ, ಅಂಕಿ ಸರಿಯಾಗಿ ಒಂದು ಕೇಜಿಗೆ ಇಳಿಯುವವರೆಗೂ ಚಿಟಿಕೆ ಚಿಟಿಕೆಯಾಗಿ ಬೇಳೆ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಾ ನಿಂತೆ. ಒಬ್ಬ ಮುದುಕ ಸೂಪರ್ ಮಾರ್ಕೆಟಿನಲ್ಲಿ ನಿಂತು ಜೇಬಿಗೆ ಬೇಳೆ ತುಂಬಿಸಿಕೊಳ್ಳುತ್ತಿದ್ದರೆ ಏನಾಗಬೇಕೋ ಅದೇ ಆಯಿತು. ಹುಳಿ ಮೊಸರು ಓಡಿಬಂದ. “ಜೇಬಲ್ಲಿ ಏನ್ರೀ ಅದು?” ಅಂದ. “ನನ್ನ ಹೆಂಡ್ತಿಯ ಕೊಸರು” ಅಂದೆ. ಅವನಿಗೆ ಆ ಪದವೇ ಗೊತ್ತಿಲ್ಲ, ಪಾಪ, ಅದೇನೋ ಬೈಗುಳ ಅಂದುಕೊಂಡ. ಅವರಲ್ಲಿ ಬಿಡಿ ಬೇಳೆ ಮಾರುವುದೇ ಇಲ್ಲ ಅಂತ ಬಿಲ್ಲಿನ ಹುಡುಗಿಯೇ ಹೇಳಿ ನನ್ನನ್ನು ಬಿಡಿಸಿದಳು. ಆದರೂ ಇನ್ನು ಮೇಲೆ ನಾನು ಅಲ್ಲಿಗೆ ಕಾಲಿಡಬಾರದಂತೆ. ಬಹಳ ಸಂತೋಷ ಅಂತ ಹೇಳಿ ಬಂದೆ. ಮಗಳು ರಾತ್ರಿ ಊಟಕ್ಕೆ ಕೂತಾಗ ಕೇಳಿ ಮೊದಲು ಬೈದಳು, ಆಮೇಲೆ ನಕ್ಕಳು, ಆಮೇಲೆ “ಅಮ್ಮನಿಗೆ ಬರಿ ಅಪ್ಪಾ” ಅಂದಳು. ಪಾರ್ಟಿ ಬದಲಾಯಿಸಿದ್ದಾಳೆ, ಎಚ್ಚರ.

ನಿನ್ನ ತಂಗಿಗೆ ಆಶೀರ್ವಾದ, ಅವಳ ಮಂಡಿಗೆ ಇನ್ನೊಂದು ಪಾಲು ಹೆಚ್ಚಿಗೆ. ನಿನಗೆ ಸದ್ಯಕ್ಕೆ ಬರೀ ಜಗಳ. ಆಶೀರ್ವಾದ ಬೇಕಾದರೆ ಬಂದು ತೆಗೆದುಕೊಂಡು ಹೋಗು.

ಇತಿ,
ಅರ್ಧ ಬೆಲೆಯ, ವಾಪಸ್ ತೆಗೆದುಕೊಳ್ಳಲಾಗದ,
ನಿನ್ನ ‘ರೀ’

ತಾ.ಕ.: ಕಾಗದ ಮಡಿಸಿದ್ದೆ, ಅಷ್ಟರಲ್ಲಿ ಮಗಳು ಹೊರಗಿಂದ ಬಂದು ಹೇಳಿದಳು. ಮೊಬೈಲ್ ಕವರ್ ಮಾರುವವನೊಬ್ಬ ತಕ್ಕಡಿಯಕ್ಕನ ಮಳಿಗೆಯನ್ನು ಬಾಡಿಗೆಗೆ ಕೇಳಿದ್ದಾನಂತೆ, ಬರುವ ಸೋಮವಾರ ಮುಂಗಡ ತರುತ್ತಾನಂತೆ. ಓಡಿಹೋಗಿ ಅವಳಿಗೆ, “ನಮ್ಮನೆಯವಳು ಭಾನುವಾರ ಬರ್ತಾಳೆ, ಒಂದು ಕೇಜಿ ಬೇಳೆ ತೆಗೆದಿಡೋಕೆ ಹೇಳಿದಾಳೆ” ಅಂತ ಅಂದುಬಿಟ್ಟೆ. ಅವಳು ಬಟ್ಟೆ ತೆಗೆದುಕೊಂಡು ತಕ್ಕಡಿ ಒರೆಸತೊಡಗಿದಳು. ಜೀವಮಾನದಲ್ಲಿ ಎಷ್ಟೋ ಸುಳ್ಳು ಹೇಳಿದ್ದೇನೆ, ಎಲ್ಲ ತಮಾಷೆಗೆ. ಇದೊಂದನ್ನು ಮಾತ್ರ ನಿಜ ಮಾಡಿಕೊಡು. ಭಾನುವಾರ ಬೆಳಿಗ್ಗೆಯ ಬಸ್ಸು ಹತ್ತು, ತಂಗಿಯ ಮಂಡಿಯನ್ನು ಎರಡು ದಿನ ಅವಳ ಗಂಡ ನೋಡಿಕೊಳ್ಳಲಿ. ಈಗ ಪೊಟ್ಟಣ ಬಿಚ್ಚು. ಒಂದು ಹಿಡಿ ಬೇಳೆ ಇದೆಯಲ್ಲ, ಅವತ್ತು ಅವಳು ನಿನಗೆ ಹಾಕಿದ್ದು ಅದೇ.