ನೆಲಕ್ಕೆ ಬಿದ್ದ ಕೆಂಪು ಹೂವು

ಕೋಮೊ ಸರೋವರ, ಇಟಲಿ

ಅತ್ತೆಮ್ಮ,

ನಿಮ್ಮ ಸಹನ ಇಲ್ಲಿಂದಲೇ ನಿಮ್ಮ ಕಾಲಿಗೆ ಬೀಳುತ್ತಿದ್ದಾಳೆ. ಇದನ್ನು ಫೋನಿನಲ್ಲಿ ಹೇಳಲು ನಾಚಿಕೆಯಾಯಿತು, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನೆ ಧರ್ಮೇಂದ್ರರ ಜೊತೆ ದೋಣಿಯಲ್ಲಿ ಹೋಗಿ ಒಂದು ಹಳೇ ಬಂಗಲೆ ನೋಡಿದೆ. ಇಲ್ಲಿ ಅದಕ್ಕೆ ವಿಲ್ಲಾ ಎನ್ನುತ್ತಾರೆ. ನಮ್ಮ ಗಂಜಾಂ ನಿಮಿಷಾಂಬ ಗುಡಿಯ ಹಾಗೆ ಮೆಟ್ಟಿಲುಗಳು ನೇರ ನೀರಿಗೇ ಇಳಿಯುತ್ತವೆ. ತೋಟವಂತೂ ಗುಡ್ಡದ ಮೇಲೆ ಹಂತ ಹಂತವಾಗಿ ಏರಿದೆ. ಕೆ.ಆರ್.ಎಸ್. ತೋಟ ನೋಡಿ ಬೆಳೆದ ನಾನೂ ಬಾಯಿಬಿಟ್ಟುಕೊಂಡು ನಿಂತೆ. ನಿಂಬೆಗಿಡಗಳನ್ನು ದೊಡ್ಡ ಕುಂಡಗಳಲ್ಲಿ ಸಾಕಿ, ಚಳಿ ಬಂದರೆ ಎಳೆಗರುಗಳ ಹಾಗೆ ಒಳಗೆ ಸೇರಿಸುತ್ತಾರಂತೆ!

ಎಲ್ಲಿ ನೋಡಿದರೂ ಹೂವು. ಆದರೆ ಒಂದನ್ನೂ ಕೀಳುವಂತಿಲ್ಲ, ದೇವರಿಗೂ ಇಲ್ಲ, ಜಡೆಗೂ ಇಲ್ಲ. ಧರ್ಮೇಂದ್ರ ನೆಲಕ್ಕೆ ಬಿದ್ದಿದ್ದ ಒಂದು ಕೆಂಪು ಹೂವನ್ನು ಎತ್ತಿ ನನ್ನ ಕೈಗಿಟ್ಟರು. ಮುಡಿಯಲು ಕೈ ಏಳಲಿಲ್ಲ. ನಿಮ್ಮ ಮಗ ಹೋದ ಮೇಲೆ ಹೂವು ಮುಟ್ಟದೆ ಇದ್ದವಳು ನಾನು. ಇವರ ಜೊತೆ ಮದುವೆ ಮಾಡಿಸಿದ ದಿನ ನೀವೇ ಮಲ್ಲಿಗೆ ಮುಡಿಸಿ, "ಇನ್ಮೇಲೆ ಊ ಮುಡ್ಕೊಂಡೇ ಇರವ್ವ. ಊರೋರ್ಗೆ ನಾನು ಜವಾಬು ಏಳ್ತೀನಿ" ಅಂದಿದ್ದು ನೆನಪಾಯಿತು. ಮುಡಿದೆ. ಫೋಟೋ ಇಟ್ಟಿದ್ದೇನೆ.

ಹಿತ್ತಿಲ ಮಲ್ಲಿಗೆಗೆ ನೀರು ಹಾಕಿಸಿ. ಮೊಗ್ಗನ್ನೆಲ್ಲ ಗುಡಿಗೇ ಕಳಿಸಬೇಡಿ. ಮಾವ ಹೋದಾಗಿನಿಂದ ಬರಿದಾಗಿರುವ ನಿಮ್ಮ ತುರುಬಿಗೂ ಒಂದು ಮೊಳ ಕಟ್ಟಿಕೊಳ್ಳಿ. ಊರವರಿಗೆ ನಾನು ಬಂದು ಜವಾಬು ಹೇಳುತ್ತೇನೆ.

ಈಗಲೂ ನಿಮ್ಮ ಸೊಸೆಯೇ ಆದ,
ಸಹನ