ಮೆಹಂದಿಯಲ್ಲಿ ಅರ್ಧ ಟ್ಯೂಬ್

ಸೆಪ್ಟೆಂಬರ್ 8, ಸೋಮವಾರ. ಬೆಳಿಗ್ಗೆ 7

ಸ್ಟೇಷನ್ ರಸ್ತೆಯ ಈ ಬಾಡಿಗೆ ಕೋಣೆಯ ಸರ್ವಸದಸ್ಯರ ಸಭೆ ಸೇರಿತು. ಅಧ್ಯಕ್ಷತೆ: ನಾನು. ಹಾಜರಿ: ನಾನು. ವಂದನಾರ್ಪಣೆ: ಅದೂ ನಾನೇ. ಇನ್ನೊಬ್ಬ ಸದಸ್ಯೆ ಕುಮಾರಿ ಆಮ್ರಪಾಲಿ ಎಂಟು ದಿನದಿಂದ ಗೈರು. ಬಬಲೇಶ್ವರದ ಮನೆಗೆ ಹೋಗಿದ್ದಾಳೆ. ಫೋನ್ ಎತ್ತುತ್ತಿಲ್ಲ. ಕಾರಣ: ಅಧ್ಯಕ್ಷರು.

ಆಕೆ ತಲೆಗೆ ಹಚ್ಚಿಕೊಳ್ಳಲು ಕಲಸಿಟ್ಟಿದ್ದ ಮೆಹಂದಿಯಲ್ಲಿ ಕೂದಲು ತೆಗೆಯುವ ಕ್ರೀಮ್ ಬೆರೆಸಿದ್ದೆ. ಅರ್ಧ ಟ್ಯೂಬ್. ಗಬ್ಬು ವಾಸನೆಗೆ ಮೂಗು ಮುಚ್ಚಿಕೊಂಡು ಬೈಯಲಿ, ಇಬ್ಬರೂ ನಗೋಣ ಅಂತ. ಆಕೆಗೆ ನೆಗಡಿ. ವಾಸನೆ ಹತ್ತಲೇ ಇಲ್ಲ. ನಾನು ಗಾಂಧಿ ಚೌಕದಿಂದ ಬರುವಷ್ಟರಲ್ಲಿ ಮೂರು ತಾಸು ಇಟ್ಟುಕೊಂಡು ತೊಳೆದಿದ್ದಳು. ಬಾತ್‌ರೂಮಿನ ತುಂಬ ಕೂದಲು.

ಸೆಪ್ಟೆಂಬರ್ 10

ಕಾಲೇಜಿನಿಂದ ಬಂದು ಬುಕ್ ತೆಗೆದೆ. ಜೀವ ಇರುವುದು ಕೂದಲ ಬುಡದಲ್ಲಷ್ಟೇ. ಅಲ್ಲಿನ ಕೋಶಗಳು ಕೆರಾಟಿನ್ ತುಂಬಿಕೊಳ್ಳುತ್ತ ಮೇಲೇರಿ, ಗಟ್ಟಿಯಾಗಿ, ಸಾಯುತ್ತವೆ. ಆ ಪ್ರೋಟೀನಿನ ಎಳೆಗಳು ಜೋಡಿಜೋಡಿಯಾಗಿ ಹುರಿಗೊಂಡಿರುತ್ತವೆ, ಹಗ್ಗದ ಹಾಗೆ. ಎಳೆ ಎಳೆಯ ನಡುವೆ ಗಂಧಕದ ಕೊಂಡಿ. ಕ್ರೀಮ್ ಕಡಿಯುವುದು ಆ ಕೊಂಡಿಯನ್ನೇ.

ಇಂಟರ್ನಲ್ ಪರೀಕ್ಷೆಯಲ್ಲಿ ಇದೇ ಪ್ರಶ್ನೆಗೆ ನನಗೆ ಹತ್ತಕ್ಕೆ ಒಂಬತ್ತು. ಘನತೆವೆತ್ತ ವಿಜ್ಞಾನಿ!

ಹೊಸದು ಬೆಳೆಯುವುದು ತಿಂಗಳಿಗೆ ಒಂದು ಸೆಂಟಿಮೀಟರ್. ಆಕೆಯ ಜಡೆ ಸೊಂಟ ಮುಟ್ಟುತ್ತಿತ್ತು. ಐದು ವರ್ಷ...

ಸೆಪ್ಟೆಂಬರ್ 14, ಭಾನುವಾರ

ಬಬಲೇಶ್ವರಕ್ಕೆ ಬಸ್ ಹತ್ತಿದೆ. ಆಕೆಯ ಅವ್ವ ಹನಮವ್ವ ಚಹಾ ಕೊಟ್ಟಳು.

"ಆಕಿ ಹೊಲಕ್ಕ ಹೋಗ್ಯಾಳವಾ."

ಹೊಸ್ತಿಲ ಬಳಿ ಆಕೆಯ ಚಪ್ಪಲಿ. ಒಳಗೆ ಆಕೆಯದೇ ಕೆಮ್ಮು.

"ಬರಿಗಾಲಾಗ ಹೋಗ್ಯಾಳೇನ್ರಿ?"

ಹನಮವ್ವ ನಗಲಿಲ್ಲ. ಚಹಾ ಬಿಸಿ ಇತ್ತು, ಹಾಗೇ ಕುಡಿದು ಬಂದೆ.

ಸೆಪ್ಟೆಂಬರ್ 20

ಕೂದಲಿಗೆ ಸ್ಟೀಲ್ ಡಬ್ಬಿ ಕೊಡುವ ಸುಗರಾಬಿ ಓಣಿಗೆ ಬಂದಿದ್ದಳು. ಅಂದು ಬಾತ್‌ರೂಮಿನಿಂದ ಬಳಿದಿಟ್ಟಿದ್ದ ಕೂದಲಿನ ಚೀಲ ಕೊಟ್ಟೆ. ಕೋಣೆಯಲ್ಲಿ ಅದರ ಜೊತೆ ಇರಲು ಆಗುತ್ತಿರಲಿಲ್ಲ. ಸುಗರಾಬಿ ಒಂದೆಳೆ ಜಗ್ಗಿದಳು. ಪಟ್ ಅಂತ ತುಂಡು.

"ಇದು ಬಾಚಿದ ಕೂದ್ಲಲ್ಲ. ಯಾರ ತಲಿ ಬೇ ಇದು? ಯಾರ್ ಹಿಂಗ್ ಮಾಡ್ಯಾರ?"

ಬಾಯಲ್ಲಿ ಜೋಕ್ ತಯಾರಿತ್ತು. ಚೀಲ ವಾಪಸ್ ಕೊಟ್ಟು ಹೋದಳು.

ಅಕ್ಟೋಬರ್ 5, ಭಾನುವಾರ

ಬಂದಳು! ಅಪ್ಪ ಭಾಗಪ್ಪನ ಜೊತೆ, ಟ್ರಂಕ್ ಒಯ್ಯಲು. ತಲೆ ಗಂಡುಹುಡುಗರ ಹಾಗೆ ಕತ್ತರಿಸಿದೆ. ಇನ್ನು ಊರಿಂದಲೇ ದಿನಾ ಕಾಲೇಜಿಗೆ ಬರುತ್ತಾಳಂತೆ. ಟ್ರಂಕಿನ ಒಂದು ಹಿಡಿಕೆ ನಾನು ಹಿಡಿದೆ. ಮೆಟ್ಟಿಲ ಮೇಲೆ ಬಾಯಿ ತೆರೆದೆ—

"ಬಬಲೇಶ್ವರಕ್ಕೂ ಫ್ಯಾಶನ್ ಬಂತಲ್ಲೇ..."

"ಸಾಕ್ ಮಾಡ ಬೇ. ಒಂದ್ ಸಲಾನರ ನೆಟ್ಟಗ ಮಾತಾಡು."

ಆಟೋದಲ್ಲಿ ಕೂತಳು. ಭಾಗಪ್ಪ ಟ್ರಂಕ್ ಸರಿಸುತ್ತಿದ್ದ.

"ತಪ್ಪಾತು," ಎಂದೆ. ಅಷ್ಟೇ.

"ಹೂಂ."

ಆಟೋ ಹೋಯಿತು.

ಆ ಹೂಂ ಅಂದರೇನು? ಬಿಟ್ಟುಬಿಟ್ಟೆ ಅಂತಲೋ, ಮುಗೀತು ಅಂತಲೋ? ಮಂದಿಯ ಇಂಥ ಮಾತು ತಿಳಿಯದಿದ್ದಾಗ ನಾನು ಕೇಳುತ್ತಿದ್ದದ್ದು ಆಕೆಯನ್ನೇ—